ಸರ್ಕಾರಗಳು ಕೈಬಿಟ್ಟಾಗ ಹವಾಮಾನದ ಹೊಣೆ ಹೊತ್ತವರು

ಹವಾಮಾನ ಬದಲಾವಣೆಯ ಸುದ್ದಿ ಬಂದಾಗಲೆಲ್ಲ ನಮಗೆ ಕಾಣುವುದು ದೇಶಗಳ ನಾಯಕರು ಸಾಲಾಗಿ ನಿಂತ ಫೋಟೋ. ಆದರೆ ಹೊಗೆ ಬರುವುದು ಬಸ್ಸು, ಕಾರು, ಕಟ್ಟಡ, ಕಾರ್ಖಾನೆ, ಕಸದ ರಾಶಿಗಳಿಂದ. ಊರಲ್ಲಿ ಬಸ್ ಹೆಚ್ಚಿಸಬೇಕೋ, ರಸ್ತೆ ಅಗಲ ಮಾಡಬೇಕೋ ಅನ್ನುವುದನ್ನು ಎಷ್ಟೋ ಕಡೆ ತೀರ್ಮಾನಿಸುವುದು ನಗರಾಡಳಿತ. ಕಾರ್ಖಾನೆ ಹೇಗೆ ನಡೆಯಬೇಕು ಅನ್ನುವುದು ಕಂಪನಿಯ ಕೈಯಲ್ಲಿ. ಅವರನ್ನೇ ಹೊರಗಿಟ್ಟು ಒಪ್ಪಂದ ಬರೆದರೆ ಜಾರಿ ಮಾಡುವವರು ಯಾರು, ಅಲ್ವಾ?

ಶುರುವಾಗಿದ್ದು ಮಾತ್ರ ಹಾಗೆಯೇ. 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿದ್ದು ಸರ್ಕಾರಗಳು. ನಗರಗಳು, ಮೂಲನಿವಾಸಿಗಳು, ಕಾರ್ಮಿಕ ಸಂಘಗಳು, ಉದ್ಯಮಗಳೆಲ್ಲ ಬರೀ ವೀಕ್ಷಕರು. 1997ರ ಕ್ಯೋಟೊ ಒಪ್ಪಂದದಲ್ಲೂ ಹಸಿರುಮನೆ ಅನಿಲ ಇಳಿಸುವ ಗುರಿ ಕೊಟ್ಟಿದ್ದು ಕೈಗಾರಿಕೆಯಲ್ಲಿ ಮುಂದುವರಿದ ದೇಶಗಳಿಗೇ.

2001ರಲ್ಲಿ ಅಮೆರಿಕ ಕ್ಯೋಟೊದಿಂದ ಹಿಂದೆ ಸರಿಯಿತು. ಅಲ್ಲಿನ ನಗರಗಳು ಸುಮ್ಮನೆ ಕೂರಲಿಲ್ಲ. 2005ರ ಫೆಬ್ರವರಿ 16ರಂದು, ಅಂದರೆ ಅಮೆರಿಕವಿಲ್ಲದೆಯೇ ಕ್ಯೋಟೊ ಜಾರಿಗೆ ಬಂದ ದಿನವೇ, ಸಿಯಾಟಲ್‌ನ ಮೇಯರ್ ಗ್ರೆಗ್ ನಿಕಲ್ಸ್ ದೇಶದ ಉಳಿದ ಮೇಯರ್‌ಗಳಿಗೆ ಕರೆ ಕೊಟ್ಟರು: ವಾಷಿಂಗ್ಟನ್ ಒಪ್ಪದಿದ್ದರೇನು, ಕ್ಯೋಟೊ ಗುರಿಯನ್ನು ನಮ್ಮ ಊರುಗಳಲ್ಲಿ ನಾವೇ ಮುಟ್ಟೋಣ. ಮುಂದೆ ಸಾವಿರಕ್ಕೂ ಜಾಸ್ತಿ ಮೇಯರ್‌ಗಳು ಸಹಿ ಹಾಕಿದರು. ಅದೇ ವರ್ಷ ಲಂಡನ್ ಮೇಯರ್ ಕೆನ್ ಲಿವಿಂಗ್‌ಸ್ಟನ್ ದೊಡ್ಡ ನಗರಗಳನ್ನು ಒಂದೆಡೆ ಸೇರಿಸಿದರು. ಹವಾಮಾನಕ್ಕಾಗಿ ದೊಡ್ಡ ನಗರಗಳು ಕಟ್ಟಿಕೊಂಡಿರುವ ಈಗಿನ ಸಿ40 ಕೂಟ ಹುಟ್ಟಿದ್ದು ಅಲ್ಲಿಂದ.

2009ರ ಕೋಪನ್‌ಹೇಗನ್ ಹವಾಮಾನ ಸಭೆಯಲ್ಲಿ ಕಟ್ಟುಪಾಡಿನ ಒಪ್ಪಂದ ಆಗಲೇ ಇಲ್ಲ. 2015ರ ಪ್ಯಾರಿಸ್ ನಿರ್ಣಯದಲ್ಲಿ ಕಡೆಗೂ ಸರ್ಕಾರೇತರರಿಗೆ ಒಂದು ಪ್ರತ್ಯೇಕ ಭಾಗವೇ ಸಿಕ್ಕಿತು, ಆದರೆ ಅದರಲ್ಲಿದ್ದದ್ದು ಸ್ವಾಗತ ಮತ್ತು ಆಹ್ವಾನ. ಬಾಧ್ಯತೆ ಇರಲಿಲ್ಲ.

ನನ್ನ ಪ್ರಕಾರ ಈ ಕಥೆಯ ಗಟ್ಟಿ ಭಾಗ ಇರುವುದು ನೆದರ್‌ಲೆಂಡ್ಸ್‌ನಲ್ಲಿ. ಉರ್ಗೆಂಡಾ ಅನ್ನೋ ಸಂಸ್ಥೆ ಸುಮಾರು 900 ನಾಗರಿಕರನ್ನು ಸೇರಿಸಿಕೊಂಡು ತಮ್ಮದೇ ಸರ್ಕಾರದ ಮೇಲೆ ಕೇಸು ಹಾಕಿತು. 1990ಕ್ಕೆ ಹೋಲಿಸಿದರೆ 2020ರ ಹೊತ್ತಿಗೆ ಹಸಿರುಮನೆ ಅನಿಲ ಕನಿಷ್ಠ 25% ಇಳಿಯಲೇಬೇಕು ಎಂದು 2015ರಲ್ಲಿ ಹೇಗ್‌ನ ಕೋರ್ಟು ಹೇಳಿತು. ಸರ್ಕಾರ ಮೇಲ್ಮನವಿ ಹಾಕಿತು, ಸೋತಿತು. 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಆ ಗುರಿ ಮುಟ್ಟುವುದಕ್ಕಾಗಿ ಆಮ್‌ಸ್ಟರ್‌ಡ್ಯಾಮ್‌ನ ಹೆಮ್‌ವೆಗ್ ಕಲ್ಲಿದ್ದಲು ವಿದ್ಯುತ್ ಘಟಕವನ್ನು ಅದೇ ವರ್ಷದ ಕೊನೆಗೆ ಮುಚ್ಚಿದರು. ಸಾಮಾನ್ಯ ಜನ ಕೇಸು ಹಾಕಿದ್ದಕ್ಕೆ ಸರ್ಕಾರ ಒಂದು ವಿದ್ಯುತ್ ಘಟಕವನ್ನೇ ನಿಲ್ಲಿಸಬೇಕಾಯಿತು!

ಕಂಪನಿಗಳ ವಿಷಯದಲ್ಲಿ ಹೀಗೆ ಹಿಡಿದು ಕೇಳುವುದು ಇನ್ನೂ ಕಷ್ಟ. ನೆಟ್ ಝೀರೋ ಮಾಡ್ತೀವಿ, ಅಂದರೆ ಹೊರಬಿಡುವಷ್ಟೇ ಹಸಿರುಮನೆ ಅನಿಲವನ್ನು ವಾತಾವರಣದಿಂದ ತೆಗೆದು ಲೆಕ್ಕ ಸೊನ್ನೆಗೆ ತರ್ತೀವಿ ಅಂತ ಮಾತು ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ. 2022ರಲ್ಲಿ ಕ್ಯಾಥರೀನ್ ಮೆಕೆನ್ನಾ ನೇತೃತ್ವದ ವಿಶ್ವಸಂಸ್ಥೆಯ ತಜ್ಞರ ತಂಡ ಇದನ್ನು ನೇರವಾಗಿ ಹೇಳಿತು: ಹೊಸ ತೈಲ, ಕಲ್ಲಿದ್ದಲಿಗೆ ಹಣ ಹಾಕುತ್ತಾ ನೆಟ್ ಝೀರೋ ಅನ್ನುವಂತಿಲ್ಲ. ಸರಿಯಾದ ಮಾತು, ಆದರೆ ಅದು ಬರೀ ಶಿಫಾರಸು.

ಕೋರ್ಟಿನ ದಾರಿಯನ್ನೂ ನೋಡಿದ್ದಾಯಿತು. ಮಿಲಿಯುಡೆಫೆನ್ಸಿ ಎಂಬ ಪರಿಸರ ಸಂಘಟನೆ ಹಾಕಿದ ಕೇಸಿನಲ್ಲಿ, 2030ರೊಳಗೆ ಹೊರಸೂಸುವಿಕೆಯನ್ನು 2019ರ ಮಟ್ಟಕ್ಕಿಂತ 45% ಇಳಿಸಬೇಕು ಎಂದು 2021ರಲ್ಲಿ ಹೇಗ್ ಕೋರ್ಟು ಶೆಲ್ ತೈಲ ಕಂಪನಿಗೆ ಆದೇಶಿಸಿತು. 2024ರ ನವೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಇಳಿಸುವ ಹೊಣೆ ಕಂಪನಿಗೆ ಇದೆ, ಆದರೆ ಇಷ್ಟೇ ಶೇಕಡಾ ಅಂತ ನಾವು ಹೇಳಲಾಗದು ಎಂದಿತು. ಸಂಘಟನೆ 2025ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.