ರೀಲೋಡಿಂಗ್ ಪ್ರೆಸ್ ಆರಿಸುವಾಗ ನನಗೆ ತೊಡಕಾದ ಎಳೆತದ ಲೆಕ್ಕ

ಹಾಸನದಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಓದುತ್ತಿದ್ದೇನೆ. ಈ ಸಲ ಸೆಮಿನಾರಿಗೆ ನಾನು ಆರಿಸಿಕೊಂಡಿದ್ದು ಹಾರಿಸಿದ ಬಂದೂಕಿನ ತೋಟೆಯನ್ನು ಮತ್ತೆ ತುಂಬುವ ಕೈ ಪ್ರೆಸ್, ಅಂದರೆ ರೀಲೋಡಿಂಗ್ ಪ್ರೆಸ್. ನಮ್ಮ ಸೋದರಮಾವ ಅರಿಜೋನಾದಲ್ಲಿದ್ದಾರೆ, ಟಾರ್ಗೆಟ್ ಶೂಟಿಂಗ್ ಮಾಡುತ್ತಾರೆ. ಯಾವ ಪ್ರೆಸ್ ತಗೊಳ್ಳೋದು ಅಂತ ಅವರು ಹುಡುಕುತ್ತಿದ್ದಾಗ ವಿಡಿಯೊ ಕಾಲ್‌ನಲ್ಲಿ ಜೊತೆಗೆ ಕೂತು ನಾನೂ ಕಲಿತೆ. ಮರೆಯೋ ಮೊದಲು ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಅಲ್ಲಿಯ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕಾಫಿ ತೋಟದ ಮನೆಯಲ್ಲಿ ಲೈಸೆನ್ಸಿನ ಕೋವಿ ಇದ್ದ ಮಾತ್ರಕ್ಕೆ ತೋಟೆ ತುಂಬುವ ಲೈಸೆನ್ಸೂ ಇದೆ ಅಂತಲ್ಲ. ನಮಗೆ ಇಲ್ಲಿ ಬೇಕಿರುವುದು ಯಂತ್ರದ ಪಾಠ ಮಾತ್ರ.

ತೋಟೆಯಲ್ಲಿ ಇರುವುದು ಹಿತ್ತಾಳೆ ಕೇಸು, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಬುಲೆಟ್. ಹಾರಿಸಿದ ಮೇಲೆ ಕೇಸು ಉಳಿಯುತ್ತದೆ, ಆದರೆ ಸ್ವಲ್ಪ ಹಿಗ್ಗಿರುತ್ತದೆ. ಅದನ್ನು ಡೈ ಅನ್ನುವ ಉಕ್ಕಿನ ಅಚ್ಚಿನೊಳಗೆ ಒತ್ತಿ ಹಳೆಯ ಅಳತೆಗೆ ತರಬೇಕು, ಸುಟ್ಟ ಪ್ರೈಮರ್ ತೆಗೆದು ಹೊಸದು ಕೂರಿಸಬೇಕು, ಮದ್ದು ಹಾಕಬೇಕು, ಬುಲೆಟ್ ಕೂರಿಸಬೇಕು.

ಅಜ್ಜಿ ಮನೆಯ ಶ್ಯಾವಿಗೆ ಒರಳು ನೋಡಿದವರಿಗೆ ಒತ್ತುವ ಬಲ ಎಲ್ಲಿಂದ ಬರುತ್ತದೆ ಅಂತ ಹೇಳಬೇಕಿಲ್ಲ. ಉದ್ದ ಹಿಡಿಕೆ ಸಿಕ್ಕರೆ ಕೈಗೆ ಸುಲಭ. ಪ್ರೆಸ್ಸಿನಲ್ಲಿ ಇನ್ನೊಂದು ಅನುಕೂಲ ಇದೆ. ಹಿಡಿಕೆ ಕೊನೆಗೆ ಬರುತ್ತಿದ್ದಂತೆ ಲಿಂಕುಗಳು ನೆಟ್ಟಗಾಗಿ ಬಲ ಜಾಸ್ತಿಯಾಗುತ್ತದೆ. ನಾವು ಓದಿದ ಟಾಗಲ್ ಮೆಕ್ಯಾನಿಸಂ ಅದೇ. ಚೌಕಟ್ಟು ಸಿ ಆಕಾರದ್ದಾದರೆ ಭಾರಕ್ಕೆ ಬಾಯಿ ಸ್ವಲ್ಪ ತೆರೆದುಕೊಳ್ಳಬಹುದು. ಓ ಆಕಾರದ್ದು ಸುತ್ತಲೂ ಮುಚ್ಚಿರುವುದರಿಂದ ಗಟ್ಟಿ. ದೊಡ್ಡ ರೈಫಲ್ ಕೇಸುಗಳಿಗೆ ಓ ಚೌಕಟ್ಟೇ ಸರಿ. ಆರ್‌ಸಿಬಿಎಸ್ ಕಂಪನಿಯವರ ರಾಕ್ ಚಕರ್ ಪ್ರೆಸ್ ಅಂಥದ್ದು.

ಇನ್ನು ನಾನು ಎರಡು ವಾರ ಒದ್ದಾಡಿದ ಜಾಗ. ಪ್ರೆಸ್‌ಗಳಲ್ಲಿ ಸಿಂಗಲ್ ಸ್ಟೇಜ್, ಟರೆಟ್, ಪ್ರೋಗ್ರೆಸಿವ್ ಅಂತ ಮೂರು ಜಾತಿ. ಸಿಂಗಲ್ ಸ್ಟೇಜ್‌ನಲ್ಲಿ ಒಂದು ಸಲಕ್ಕೆ ಒಂದೇ ಡೈ, ಅದು ಸುಲಭವಾಗಿ ಅರ್ಥವಾಯಿತು. ಉಳಿದ ಎರಡರಲ್ಲೂ ಏನೋ ಒಂದು ಗುಂಡಗೆ ತಿರುಗುತ್ತದೆ. ತಿರುಗುವುದು ಯಾವುದು ಅನ್ನೋದರಲ್ಲೇ ನಾನು ಎಡವಿದ್ದು.

ಮದುವೆ ಊಟ ನೆನಪಿಸಿಕೊಂಡಾಗ ಬಿಡಿಸಿಕೊಂಡಿತು. ಪಂಕ್ತಿಯಲ್ಲಿ ಎಲೆ ಮುಂದೆ ನಾವು ಕೂತಿರುತ್ತೇವೆ. ಪಲ್ಯದವರು, ಅನ್ನದವರು, ಸಾರಿನವರು ಒಬ್ಬೊಬ್ಬರಾಗಿ ನಮ್ಮ ಬಳಿಗೆ ಬರುತ್ತಾರೆ. ಇದು ಟರೆಟ್. ಕೇಸು ಕೂತಲ್ಲೇ ಇರುತ್ತದೆ, ಡೈಗಳ ತಟ್ಟೆ ಮೇಲೆ ತಿರುಗಿ ಒಂದೊಂದೇ ಡೈ ಅದರ ತಲೆಯ ಮೇಲಕ್ಕೆ ಬರುತ್ತದೆ. ಬಫೆಯಲ್ಲಿ ಬಡಿಸುವವರು ನಿಂತಲ್ಲೇ ನಿಂತಿರುತ್ತಾರೆ, ತಟ್ಟೆ ಹಿಡಿದು ಮುಂದೆ ಹೋಗುವವರು ನಾವು. ಇದು ಪ್ರೋಗ್ರೆಸಿವ್. ಡೈಗಳು ಅಲ್ಲೇ ಇರುತ್ತವೆ, ಕೆಳಗಿನ ಷೆಲ್ ಪ್ಲೇಟ್ ಕೇಸುಗಳನ್ನು ಹೊತ್ತು ತಿರುಗುತ್ತದೆ. ಬಫೆ ಸಾಲಿನಲ್ಲಿ ನಾಲ್ಕು ಜನಕ್ಕೆ ಒಂದೇ ಹೊತ್ತಿಗೆ ನಾಲ್ಕು ಬೇರೆ ಪದಾರ್ಥ ಬೀಳುತ್ತದೆ, ಅಲ್ವಾ? ಹಾಗೇ ಇಲ್ಲಿ ಹಿಡಿಕೆಯ ಒಂದು ಎಳೆತಕ್ಕೆ ನಾಲ್ಕು ಕೇಸಿನ ಮೇಲೆ ನಾಲ್ಕು ಕೆಲಸ ನಡೆಯುತ್ತದೆ.

ಸೆಮಿನಾರಿನಲ್ಲಿ ಇಷ್ಟು ಹೇಳಿ, "ನೂರು ತೋಟೆಗೆ ನೂರು ಎಳೆತ" ಅಂದೆ. "ಮೊದಲನೇ ಎಳೆತಕ್ಕೆ ಏನು ಸಿಗುತ್ತೆ?" ಅಂತ ಮೇಷ್ಟ್ರು ಕೇಳಿದರು. ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಹಾಳೆಯ ಮೇಲೆ ನಾಲ್ಕು ಮನೆ ಬರೆದು, ಕಾಫಿ ಬೀಜ ಇಟ್ಟು ನಡೆಸಿದೆ. ಮೊದಲ ಎಳೆತದಲ್ಲಿ ಒಂದೇ ಬೀಜ, ಒಂದನೇ ಮನೆಯಲ್ಲಿ. ಎರಡನೇ ಎಳೆತಕ್ಕೆ ಅದು ಎರಡನೇ ಮನೆಗೆ ಹೋಯಿತು, ಹಿಂದೆ ಹೊಸದೊಂದು ಬಂತು. ಮೂರನೆಯದಕ್ಕೂ ಏನೂ ಹೊರಬರಲಿಲ್ಲ. ನಾಲ್ಕನೇ ಎಳೆತದ ಕೊನೆಗೆ ಮೊದಲ ತೋಟೆ ತಯಾರು. ಅಲ್ಲಿಂದ ಮುಂದೆ ಎಳೆತಕ್ಕೊಂದು. ಹಾಗಾಗಿ ನೂರಕ್ಕೆ 103 ಎಳೆತ. ಐದು ಮನೆಯ, ಅಂದರೆ ಐದು ಸ್ಟೇಷನ್ನಿನ ಪ್ರೆಸ್ ಆದರೆ 104. ತೋಟೆಗಳ ಲೆಕ್ಕಕ್ಕೆ ಸ್ಟೇಷನ್ ಲೆಕ್ಕ ಕೂಡಿಸಿ ಒಂದು ಕಳೆಯಿರಿ, ಸಾಕು. ದಯವಿಟ್ಟು ನೀವೂ ಒಂದು ಸಲ ಬೀಜ ಇಟ್ಟು ನೋಡಿ. ಓದಿದ್ದಕ್ಕಿಂತ ಕೈಯಲ್ಲಿ ಸರಿಸಿದ್ದು ತಲೆಯಲ್ಲಿ ನಿಲ್ಲುತ್ತದೆ.

ಇನ್ನೊಂದು ತೊಡಕು. ಮೂರು ಡೈಗಳ ಪಿಸ್ತೂಲ್ ತೋಟೆಗೆ ಸಿಂಗಲ್ ಸ್ಟೇಜ್‌ನಲ್ಲಿ ನೂರಕ್ಕೆ 300 ಎಳೆತ. ಲೀ ಕಂಪನಿಯವರ ನಾಲ್ಕು ತೂತಿನ ಟರೆಟ್‌ನಲ್ಲಿ, ಕ್ರಿಂಪಿಗೆ (ಕೇಸಿನ ಬಾಯಿಯನ್ನು ಬುಲೆಟ್ಟಿಗೆ ಬಿಗಿಮಾಡುವುದಕ್ಕೆ) ಬೇರೆ ಡೈ ಹಾಕಿದರೆ, 400. ಹಾಗಾದರೆ ಟರೆಟ್ ನಿಧಾನ ಅಲ್ವಾ? ಇಲ್ಲ. ಎಳೆತ ಎಣಿಸಬೇಡಿ, ಕೇಸನ್ನು ಎಷ್ಟು ಸಲ ಕೈಯಿಂದ ಇಟ್ಟು ತೆಗೆಯುತ್ತೀರಿ ಅಂತ ಎಣಿಸಿ. ಸಿಂಗಲ್ ಸ್ಟೇಜ್‌ನಲ್ಲಿ 300 ಸಲ ಇಟ್ಟು 300 ಸಲ ತೆಗೆಯಬೇಕು, ಮದ್ದು ಬೇರೆ ಹಾಕಬೇಕು. ಟರೆಟ್‌ನಲ್ಲಿ ಇಡುವುದು 100 ಸಲ, ತೆಗೆಯುವುದು 100 ಸಲ. ಹೊತ್ತು ಹೋಗುವುದು ಅಲ್ಲೇ.

ಹಾಗಂತ ಎಲ್ಲರೂ ಪ್ರೋಗ್ರೆಸಿವ್ ತಗೊಳ್ಳಿ ಅನ್ನುವುದಿಲ್ಲ. ಒಂದೇ ಹೊತ್ತಿಗೆ ನಾಲ್ಕು ಕಡೆ ಕೆಲಸ ನಡೆದರೆ ಕಣ್ಣೂ ನಾಲ್ಕು ಕಡೆ ಇರಬೇಕು. ಡಿಲ್ಲನ್ ಕಂಪನಿಯ 550 ಅನ್ನುವ ಪ್ರೋಗ್ರೆಸಿವ್‌ನಲ್ಲಿ ಪ್ಲೇಟನ್ನು ಕೈಯಿಂದ ತಿರುಗಿಸಬೇಕು. ತಿರುಗಿಸಲು ಮರೆತು ಮತ್ತೆ ಎಳೆದರೆ ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳಬಹುದು. ಅದನ್ನು ಹಾರಿಸಿದರೆ ಬಂದೂಕು ಸಿಡಿದು ಕೈ, ಕಣ್ಣು ಹೋಗುವ ಅಪಾಯ. ತಾನೇ ತಿರುಗುವ ಪ್ಲೇಟಿನಲ್ಲೂ ಎಳೆತ ಮಧ್ಯದಲ್ಲಿ ನಿಲ್ಲಿಸಿದರೆ ಎಚ್ಚರ ಬೇಕು. ಮೊದಲ ಸಲ ಕಲಿಯುವವರಿಗೆ ಸಿಂಗಲ್ ಸ್ಟೇಜ್ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದೊಂದು ಹಂತವೂ ಕಣ್ಣೆದುರು ನಿಧಾನವಾಗಿ ಆಗುತ್ತದೆ. ಐವತ್ತು ಕೇಸು ಸಾಲಾಗಿ ನಿಲ್ಲಿಸಿ, ಟಾರ್ಚ್ ಬೆಳಕು ಬಿಟ್ಟು ಮದ್ದಿನ ಮಟ್ಟ ಒಂದೇ ಸಮ ಇದೆಯಾ ಅಂತ ನೋಡಬಹುದು.

ಇನ್ನು ಅಗತ್ಯದ ಮಾತು. ವರ್ಷಕ್ಕೆ ಹತ್ತಿಪ್ಪತ್ತು ರೈಫಲ್ ತೋಟೆ ಬೇಕಾದವರಿಗೆ, ಅಥವಾ ಒಂದೊಂದನ್ನೂ ತೂಗಿ ನಿಖರವಾಗಿ ಮಾಡುವವರಿಗೆ ಸಿಂಗಲ್ ಸ್ಟೇಜ್ ಸಾಕು. ವಾರಾವಾರ ಪಿಸ್ತೂಲ್ ಪಂದ್ಯ ಆಡುವವರಿಗೆ ಪ್ರೋಗ್ರೆಸಿವ್. ನಡುವಿನವರಿಗೆ ಟರೆಟ್. ಸಾಮಾನ್ಯ ಡೈಗಳ ಮರೆ (ಥ್ರೆಡ್) 7/8 ಇಂಚು, ಇಂಚಿಗೆ 14 ಸುತ್ತು. ಹಾಗಾಗಿ ಒಂದು ಕಂಪನಿಯ ಡೈ ಇನ್ನೊಂದರ ಪ್ರೆಸ್ಸಿಗೂ ಕೂರುತ್ತದೆ. ಡಿಲ್ಲನ್ನರ ಸ್ಕ್ವೇರ್ ಡೀಲ್ ಬಿ ಮಾತ್ರ ತನ್ನದೇ ಡೈ ಕೇಳುತ್ತದೆ. ನಮ್ಮ ಕಡೆ ಹೆಚ್ಚು ಕಾಣುವ 12 ಬೋರ್ ತೋಟೆಗೆ ಸಾಮಾನ್ಯವಾಗಿ ಈ ಪ್ರೆಸ್ಸುಗಳನ್ನು ಬಳಸುವುದಿಲ್ಲ, ಅದಕ್ಕೆ ಎಂಇಸಿಯಂಥ ಕಂಪನಿಗಳ ಬೇರೆ ಯಂತ್ರವೇ ಇದೆ.

ಮಾವ ಕೊನೆಗೆ ಓ ಚೌಕಟ್ಟಿನ ಸಿಂಗಲ್ ಸ್ಟೇಜ್ ತಗೊಂಡರು. ಮೊದಲು ಹಗುರ ಮೇಜಿಗೆ ಬೋಲ್ಟ್ ಹಾಕಿದ್ದರು. ಹಿಡಿಕೆ ಮೇಲೆತ್ತುವಾಗ ಮೇಜೇ ಮುಂಗಾಲಲ್ಲಿ ಏಳುತ್ತಿತ್ತು, ಫೋನಿನಲ್ಲಿ ನನಗೂ ಕಂಡಿತು. "ಯಂತ್ರಕ್ಕಿಂತ ಮೊದಲು ಮೇಜು ನೋಡ್ಬೇಕಿತ್ತು ಕಣೋ" ಅಂದರು. ಈಗ ದಪ್ಪ ಹಲಗೆಯ ಮೇಜು ಮಾಡಿಸಿ ಗೋಡೆಗೆ ಬಿಗಿದಿದ್ದಾರೆ.