ಪದ ಪರಿಚಯ: ಪಿಕಪ್

ಕೊಡಗಿನಲ್ಲಿ ಪಿಕಪ್ ಅಂದರೆ ಕಾಫಿ ಮೂಟೆ, ಗೊಬ್ಬರ, ಮದುವೆ ಮನೆಯ ಪಾತ್ರೆ ಎಲ್ಲವನ್ನೂ ಹೊರುವ ಗಾಡಿ. ಹಾಗಾಗಿ ಗೋಣಿಕೊಪ್ಪದ ರಿಪೇರಿ ಅಂಗಡಿಯಿಂದ "ಸಾರ್, ಪಿಕಪ್ ಹೋಗಿದೆ" ಅಂತ ಫೋನ್ ಬಂದಾಗ ನಮ್ಮ ಮಾವ ಮೊದಲು ಅಂಗಳಕ್ಕೆ ಇಣುಕಿದರು. ಗಾಡಿ ಅಲ್ಲೇ ಇತ್ತು. ಹೋಗಿದ್ದು ಅವರು ಹಿಂದಿನ ತಿಂಗಳು ಆಸೆಪಟ್ಟು ಕೊಂಡು ತಂದ ಹಳೇ ಸಿಡಿ ಪ್ಲೇಯರಿನ ಪಿಕಪ್.

ಸಿಡಿ ಪ್ಲೇಯರಿನಲ್ಲಿ ಪಿಕಪ್ ಅಂದರೆ ಡಿಸ್ಕನ್ನು ಓದುವ ಕಣ್ಣು. ಹೆಸರು ಮಾತ್ರ ರೆಕಾರ್ಡ್ ಪ್ಲೇಯರ್ ಕಾಲದ್ದು. ಗೀರಿನಿಂದ ಸದ್ದನ್ನು ಎತ್ತಿಕೊಳ್ಳುವ ಮುಳ್ಳಿನ ತಲೆಗೆ ಪಿಕಪ್ ಅನ್ನುತ್ತಿದ್ದರು. 1982ರಲ್ಲಿ ಸೋನಿಯ ಮೊದಲ ಸಿಡಿ ಪ್ಲೇಯರ್ ಸಿಡಿಪಿ-101 ಜಪಾನಿನ ಅಂಗಡಿಗಳಿಗೆ ಬಂತು. ಮುಳ್ಳು ಹೋಗಿ ಬೆಳಕು ಬಂದರೂ ಹೆಸರು ಹಾಗೇ ಉಳಿಯಿತು. ನಮ್ಮ ರಿಪೇರಿಯವರು ವಿಸಿಡಿ ಕಾಲದಿಂದಲೂ ಇದನ್ನು ಸುಮ್ನೆ "ಲೆನ್ಸ್" ಅನ್ನುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿ. ಲೆನ್ಸ್ ಪಿಕಪ್ಪಿನ ಒಂದು ಭಾಗ ಅಷ್ಟೇ. ಅದರ ಕೆಳಗೆ ಬೆಳಕು ಬೀರುವ ಲೇಸರ್ ಡಯೋಡ್ ಇದೆ, ವಾಪಸ್ ಬಂದ ಬೆಳಕನ್ನು ಹಿಡಿಯುವ ಸೆನ್ಸರ್ ಇದೆ, ಲೆನ್ಸನ್ನು ಅಲುಗಾಡಿಸುವ ಪುಟ್ಟ ಕಾಯಿಲ್‌ಗಳಿವೆ. ದೂಳಾಗಿದ್ದರೆ ಒರೆಸಬಹುದು. ಡಯೋಡೇ ಸೊರಗಿದರೆ ಒರೆಸಿ ಏನು ಬಂತು?

ಅದು ಮಾಡುವ ಕೆಲಸ ಸಣ್ಣದಲ್ಲ. ಸಿಡಿಯಲ್ಲಿ ಹಾಡು ಸಣ್ಣ ಗುಳಿಗಳ ಸಾಲಾಗಿ, ಒಳಗಿಂದ ಹೊರಕ್ಕೆ ಸುತ್ತಿಕೊಂಡು ಹೋಗುತ್ತದೆ. ಒಂದು ಸಾಲಿಗೂ ಪಕ್ಕದ ಸಾಲಿಗೂ ಇರುವ ದೂರ 1.6 ಮೈಕ್ರಾನ್. ಕಾಫಿ ಗಿಡದ ಸಾಲಿನ ಹಾಗೆ ಕಣ್ಣಳತೆಯಲ್ಲಿ ನಡೆಯುವಂತಿಲ್ಲ, ಒಂದು ತಲೆಕೂದಲಿನ ದಪ್ಪದಲ್ಲೇ ಇಂಥ ಮೂವತ್ತು ನಲವತ್ತು ಸಾಲು ಹಿಡಿಯುತ್ತವೆ. ಡಿಸ್ಕ್ ಶುರುವಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಕೊನೆಯಲ್ಲಿ ಸುಮಾರು 200 ಸುತ್ತು ತಿರುಗುತ್ತದೆ. ತಿರುಗುವಾಗ ಮೇಲೆ ಕೆಳಗೆ ಓಲಾಡುತ್ತದೆ ಬೇರೆ. ಲೆನ್ಸ್ ಆ ಓಲಾಟಕ್ಕೆ ಸರಿಯಾಗಿ ತಾನೂ ಏರಿಳಿಯುತ್ತಾ, 780 ನ್ಯಾನೋಮೀಟರಿನ ಬೆಳಕನ್ನು ಆ ಗುಳಿಗಳ ಮೇಲೆ ನೆಟ್ಟಗೆ ಬೀಳಿಸಬೇಕು. ಈ ಬೆಳಕು ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕಾಣುವುದಿಲ್ಲ ಅಂತ ಮುಚ್ಚಳ ತೆಗೆದು ಬಗ್ಗಿ ನೋಡಬೇಡಿ, ಕಣ್ಣಿಗೆ ಅಪಾಯ.

ದುಬಾರಿ ಪ್ಲೇಯರ್‌ಗಳ ಕತೆಯಲ್ಲಿ ಪಿಕಪ್ಪಿಗೆ ಬೇರೆಯದೇ ಗತ್ತು. ಫಿಲಿಪ್ಸ್‌ನ ಸಿಡಿಎಂ-1 ಅನ್ನುವ ಪಿಕಪ್ಪನ್ನು ನೋಡಿ. ಎರಕದ ಲೋಹದ ಮೈ, ಗಾಜಿನ ಲೆನ್ಸ್. ಹಳಿಯ ಮೇಲೆ ಜಾರುವ ಬದಲು ರೆಕಾರ್ಡ್ ಪ್ಲೇಯರಿನ ತೋಳಿನ ಹಾಗೆ ಬೀಸಿಕೊಂಡು ಹೋಗುತ್ತದೆ. ಹಲ್ಲಿನ ಚಕ್ರವಿಲ್ಲ, ಸವೆಯುವುದು ಕಡಿಮೆ. ಮರಾಂಟ್ಜ್ ಸಿಡಿ-94 ಪ್ಲೇಯರಿನ ಒಳಗಿದ್ದದ್ದು ಇದೇ. ಆಮೇಲಾಮೇಲೆ ಪ್ಲಾಸ್ಟಿಕ್ ಜಾಸ್ತಿಯಾಯಿತು. ಸಿಡಿಎಂ-12ರ ಹೊತ್ತಿಗೆ ಫಿಲಿಪ್ಸ್ ಕೂಡ ತೋಳು ಬಿಟ್ಟು ಹಳಿಗೆ ಬಂತು. ನನಗೆ ಕೇಳಿದರೆ ಆ ಬೀಸುವ ತೋಳನ್ನು ನೋಡುವುದೇ ಒಂದು ಸುಖ.

ಆದರೆ ಕೊಳ್ಳುವವರ ತಲೆನೋವೂ ಅಲ್ಲೇ ಇದೆ. ಸಿಡಿಎಂ-1 ಈಗ ಹೊಸದಾಗಿ ತಯಾರಾಗುವುದಿಲ್ಲ. ಸೋನಿಯ ಕೆಎಸ್‌ಎಸ್-213 ಪಿಕಪ್ಪಿನ ನಕಲುಗಳಾದರೂ ಹೇಗೋ ಸಿಗುತ್ತವೆ, ಗುಣಮಟ್ಟ ಅವರವರ ಅದೃಷ್ಟ. ಅದಕ್ಕೇ ಹಳೇ ಪ್ಲೇಯರ್ ನೋಡಲು ಹೋದಾಗ ತೂಕ, ಚಿನ್ನದ ಬಣ್ಣದ ಮೂತಿ, ಡಿಜಿಟಲ್ ಅಂಕಿಗಳನ್ನು ಸದ್ದಿನ ಸಂಕೇತವಾಗಿಸುವ ಡ್ಯಾಕ್ ಚಿಪ್ ಯಾವುದು ಅನ್ನುವುದನ್ನೆಲ್ಲ ಆಮೇಲೆ ಕೇಳಿ. ಮೊದಲು ಪಿಕಪ್ಪಿನ ನಂಬರ್ ಕೇಳಿ, ಅದು ಎಲ್ಲಾದರೂ ಸಿಗುತ್ತದಾ ಹುಡುಕಿ. ಕೈಯಲ್ಲಿ ಎಪ್ಪತ್ತು ನಿಮಿಷ ದಾಟುವ ಒಂದು ಸಿಡಿ ಇರಲಿ. ಮೊದಲ ಹಾಡು ಹಾಕಿ, ಕೊನೆಯ ಹಾಡಿಗೆ ಹಾರಿಸಿ, ಮತ್ತೆ ವಾಪಸ್ ತನ್ನಿ. ಒಂದು ಗಂಟೆ ಬಿಸಿಯಾದ ಮೇಲೆ ಇನ್ನೊಮ್ಮೆ ಇದನ್ನೇ ಮಾಡಿ. ಮಾವ ಐದು ನಿಮಿಷ ಕೇಳಿ, ಒಂದು ಕಾಫಿ ಕುಡಿದು, ದುಡ್ಡು ಕೊಟ್ಟು ಬಂದಿದ್ದರು.

ಅವರ ಪ್ಲೇಯರಿನಲ್ಲಿ ಆಗಿದ್ದು ಇಷ್ಟು. ಪಿಕಪ್ಪಿನ ಮೇಲೆ ಸಾಮಾನ್ಯವಾಗಿ ಒಂದು ಪ್ರೀಸೆಟ್, ಅಂದರೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಚಿಕ್ಕ ತಿರುಪು, ಇರುತ್ತದೆ. ಅದನ್ನು ತಿರುಗಿಸಿದರೆ ಡಯೋಡಿಗೆ ಕರೆಂಟ್ ಜಾಸ್ತಿ ಹರಿಯುತ್ತದೆ. ಸಾಯುತ್ತಿರುವ ಡಯೋಡ್ ಕೆಲವು ದಿನ ಮಿಂಚಿ, ಆಮೇಲೆ ಪೂರ್ತಿ ಕೈಕೊಡುತ್ತದೆ. ಮಾರುವ ಮುಂಚೆ ಯಾರೋ ಆ ಕೆಲಸ ಮಾಡಿದ್ದರು. ಪ್ರೀಸೆಟ್ಟಿನ ಮೇಲೆ ಸ್ಕ್ರೂಡ್ರೈವರ್ ಗೀರು ಎದ್ದು ಕಾಣುತ್ತಿತ್ತು.

ಹಾಗಂತ ಓದದ ಪ್ಲೇಯರಿಗೆಲ್ಲ ಪಿಕಪ್ಪೇ ಕಾರಣ ಅಲ್ಲ. ಟ್ರೇಯ ಬೆಲ್ಟ್ ಸಡಿಲವಾಗಿರಬಹುದು, ಹಳೇ ಗ್ರೀಸ್ ಗಟ್ಟಿಯಾಗಿರಬಹುದು, ಕೆಪಾಸಿಟರ್ ಒಣಗಿರಬಹುದು. ಜಪಾನಿನ ಮಾರುಕಟ್ಟೆಗೆ ಅಂತ ಮಾಡಿದ ಸೆಟ್ 100 ವೋಲ್ಟಿನದು. ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಪಿಕಪ್ ವಿಷಯ ಮಾತಾಡುವ ಅಗತ್ಯವೇ ಬರುವುದಿಲ್ಲ.

ಇನ್ನು ನಮ್ಮ ಮಳೆ. ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಚಪ್ಪಲಿಗೆ, ಬೆಲ್ಟಿಗೆ, ಆಲ್ಬಂ ಫೋಟೋಗೆಲ್ಲ ಬೂಷ್ಟು ಬರುವ ಊರು ಇದು. ಲೆನ್ಸನ್ನು ಬಿಡುತ್ತದಾ? ಮಂಜು ಕವಿದಂತೆ ಒಂದು ಪೊರೆ ಕೂರುತ್ತದೆ. ಮೆತ್ತನೆಯ ಹತ್ತಿಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಹಗುರವಾಗಿ ಒರೆಸಿದರೆ ಸಾಕು. ಒತ್ತಿದರೆ ಲೆನ್ಸನ್ನು ತೂಗಿಸಿರುವ ಎಳೆಗಳು ಬಾಗುತ್ತವೆ. ಬ್ರಷ್ ಅಂಟಿಸಿದ ಕ್ಲೀನಿಂಗ್ ಸಿಡಿಗಳ ಮೇಲೆ ನನಗೆ ನಂಬಿಕೆ ಇಲ್ಲ. ಮಳೆಗಾಲದಲ್ಲಿ ಪ್ಲೇಯರನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸಬೇಡಿ, ದಿನಾ ಸ್ವಲ್ಪ ಹೊತ್ತು ಓಡಿಸಿ. ಒಳಗಿನ ಬಿಸಿಗೇ ತೇವ ಆರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗು ಕೇಳಿದರೆ ಮಾತ್ರ ಪ್ಲಗ್ ಕಿತ್ತುಬಿಡಿ.

ಮಾವನಿಗೆ ಬದಲಿ ಪಿಕಪ್ ಸಿಕ್ಕಿತು, ಎರಡು ತಿಂಗಳು ಕಾದ ಮೇಲೆ. ಹೊಸ ಪಿಕಪ್ಪಿನ ಡಯೋಡನ್ನು ಸ್ಥಾಯೀ ವಿದ್ಯುತ್ತಿನಿಂದ ಕಾಪಾಡಲು ಒಂದು ಚುಕ್ಕೆ ಬೆಸುಗೆ ಹಾಕಿರುತ್ತಾರೆ. ಕೂರಿಸಿದ ಮೇಲೆ ಅದನ್ನು ತೆಗೆಯಬೇಕು. ನಮ್ಮ ಅಂಗಡಿಯವರು ತೆಗೆಯುವುದು ಮರೆತು, ಅರ್ಧ ದಿನ "ಇದೂ ಹೋಗಿದೆ ಸಾರ್" ಅನ್ನುತ್ತಿದ್ದರು.