ಜಾಕಿಯ ಅಂಗಿಯ ನಿಜವಾದ ಬಣ್ಣ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಗೆದ್ದ ಕುದುರೆಯ ಚಿತ್ರ ಬರೆಸುವುದೆಂದರೆ ಮಾಲೀಕನ ಪಾಲಿಗೆ ದಾಖಲೆ ಮಾಡಿಸಿಟ್ಟಂತೆ. 1830ರ ಸೇಂಟ್ ಲೆಜರ್ ಕುದುರೆ ಪಂದ್ಯ ಗೆದ್ದ ‘ಬರ್ಮಿಂಗ್‌ಹ್ಯಾಮ್’ ಕುದುರೆಯನ್ನು ಜಾನ್ ಫ್ರೆಡರಿಕ್ ಹೆರಿಂಗ್ ಚಿತ್ರಿಸಿದಾಗ ಬೆನ್ನ ಮೇಲಿನ ಜಾಕಿ ಕಾನೊಲಿ, ಜೊತೆಗಿದ್ದ ಮಾಲೀಕ ಬಿಯರ್ಡ್ಸ್‌ವರ್ತ್ ಇಬ್ಬರೂ ಅದರಲ್ಲಿ ಸೇರಿದರು. ಆದ್ದರಿಂದ ಇಂಥ ಚಿತ್ರ ಶುಚಿ ಮಾಡುವಾಗ ಮೊದಲು ಉಳಿಸಬೇಕಾದ್ದು ಗುರುತುಗಳನ್ನು: ಅಂಗಿಯ ಬಣ್ಣ, ಹಣೆಯ ಚುಕ್ಕೆ, ಕಾಲಿನ ಬಿಳಿ.

ಇಂಗ್ಲೆಂಡಿನ ಕುದುರೆ ಪಂದ್ಯಗಳ ಊರಾದ ನ್ಯೂಮಾರ್ಕೆಟ್‌ನಲ್ಲಿ 1762ರಿಂದಲೇ ಮಾಲೀಕರು ಜಾಕಿಯ ಅಂಗಿಗೆ ತಮ್ಮ ತಮ್ಮ ಬಣ್ಣ ಗೊತ್ತುಮಾಡಿಕೊಂಡಿದ್ದರು. ಹಳೆಯ ರಾಳದ ವಾರ್ನಿಶ್ ಹಳದಿಗಟ್ಟಿದರೆ ನೀಲಿ ಅಂಗಿ ಹಸಿರಾಗಿ, ಬಿಳಿ ಅಂಗಿ ಕೆನೆಬಣ್ಣವಾಗಿ ಕಾಣುತ್ತದೆ. ಕುದುರೆ ಬೇರೆ ಯಾರದೋ ಲಾಯಕ್ಕೆ ಸೇರಿಬಿಡುತ್ತದೆ. ಶುಚಿ ಮಾಡದೆ ಬಣ್ಣ ಹೆಸರಿಸಬಾರದು. ಆ ಕಾಲದಲ್ಲೇ ಅಚ್ಚಾದ ಬಣ್ಣದ ಮುದ್ರಣ ಸಿಕ್ಕರೆ ಪಕ್ಕದಲ್ಲಿಟ್ಟು ಹೋಲಿಸಿ.

ನಿಜವಾದ ಅಪಾಯ ಇರುವುದು ಕುದುರೆಯ ಮೈಯಲ್ಲಿ. ಕಂದು ಮೈಗೆ ಬೆಚ್ಚನೆಯ ಹೊಳಪು ಬರಲೆಂದು ಆಗಿನ ಹಲವು ಕಲಾವಿದರು ಎಣ್ಣೆಯಲ್ಲಿ ಬಿಟುಮೆನ್ ಎಂಬ ಡಾಂಬರಿನಂಥ ವಸ್ತು ಬೆರೆಸುತ್ತಿದ್ದರು. ಅದು ಪೂರ್ತಿ ಒಣಗುವುದೇ ಇಲ್ಲ. ಮೇಲಿನ ಪದರ ಗಟ್ಟಿಯಾಗಿ ಕುಗ್ಗುತ್ತದೆ, ಕೆಳಗಿನದು ಮೆತ್ತಗೇ ಉಳಿಯುತ್ತದೆ. ಪಕ್ಕೆ, ತೊಡೆಯ ನೆರಳಿನಲ್ಲಿ ಮೊಸಳೆಯ ಚರ್ಮದಂಥ ಅಗಲ ಬಿರುಕು ಬಿಡುತ್ತದೆ. ವಾರ್ನಿಶ್ ಕರಗಿಸುವ ದ್ರಾವಣಕ್ಕೆ ಇದೂ ಕರಗುತ್ತದೆ. ಅಂಚಿನಲ್ಲಿ, ಉಗುರಿನಷ್ಟು ಜಾಗದಲ್ಲಿ, ಹತ್ತಿಯ ಸಣ್ಣ ಕಡ್ಡಿಯಿಂದ ಪರೀಕ್ಷಿಸಿ: ಹತ್ತಿಗೆ ಹಳದಿ ಹತ್ತಿದರೆ ವಾರ್ನಿಶ್, ಕಂದು ಹತ್ತಿದರೆ ಅದು ಚಿತ್ರವೇ, ಅಲ್ಲಿಗೆ ಕೈ ನಿಲ್ಲಿಸಬೇಕು. ಕ್ಯಾನ್ವಾಸಿನ ಹಿಂದೆ ಹೊಸ ಬಟ್ಟೆ ಅಂಟಿಸಲು ಬಿಸಿ ಇಸ್ತ್ರಿ ಹಾಕುವುದಂತೂ ಬೇಡವೇ ಬೇಡ, ಬಿಟುಮೆನ್ ಹರಿಯುತ್ತದೆ.

ಲಗಾಮು, ಚಾವಟಿ, ರಿಕಾಪಿನ (ಸವಾರ ಪಾದ ಊರುವ ಬಳೆಯ) ಪಟ್ಟಿ ಇವನ್ನು ಕೊನೆಯಲ್ಲಿ ತೆಳುಗೆರೆಯಾಗಿ ಎಳೆದಿರುತ್ತಾರೆ; ಅತಿಯಾಗಿ ತಿಕ್ಕಿದರೆ ಮೊದಲು ಹೋಗುವುದೂ ಇವೇ. ಆಮೇಲೆ ಯಾರೋ ತುಂಬಿದ ಲಗಾಮು ಕಡಿವಾಣದ ಬಳೆಗೆ ಸೇರದೆ ತುಟಿಯ ಬಳಿ ಮುಗಿದುಹೋಗಿರುತ್ತದೆ. ಹೊಸ ತೇಪೆ ಅತಿನೇರಳೆ ದೀಪದಡಿ ಸಾಮಾನ್ಯವಾಗಿ ಕಪ್ಪಗೆ ಕಾಣುತ್ತದೆ, ಹಳೆಯ ವಾರ್ನಿಶ್ ಹಸಿರಾಗಿ ಮಿನುಗುತ್ತದೆ.

ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುವ ಕುದುರೆಯನ್ನು, 1821ರಲ್ಲಿ ಫ್ರೆಂಚ್ ಕಲಾವಿದ ಜೆರಿಕೋ ಬರೆದ ಚಿತ್ರದಲ್ಲಿರುವಂತೆ, ತಪ್ಪೆಂದು ತಿದ್ದಬಾರದು. ನಾಲ್ಕೂ ಕಾಲು ನೆಲ ಬಿಡುವುದು ಅವು ಹೊಟ್ಟೆಯಡಿ ಮಡಚಿದಾಗ ಎಂದು ಮೈಬ್ರಿಡ್ಜ್‌ನ ಫೋಟೋಗಳು ತೋರಿಸಿದ್ದು 1878ರಲ್ಲಿ. ಆದರೆ ಜಾಕಿಯ ಭಂಗಿ ಬೇರೆ ಮಾತು. ಆಗ ಉದ್ದ ರಿಕಾಪಿನಲ್ಲಿ ನೆಟ್ಟಗೆ ಕೂರುತ್ತಿದ್ದರು. ಕುತ್ತಿಗೆಯ ಮೇಲೆ ಬಾಗುವ ಶೈಲಿ ಇಂಗ್ಲೆಂಡಿನಲ್ಲಿ ಹರಡಿದ್ದು 1897ರಲ್ಲಿ ಅಮೆರಿಕದ ಟಾಡ್ ಸ್ಲೋನ್ ಬಂದ ಮೇಲೆ. 1830ರದೆಂದು ಹೇಳುವ ಚಿತ್ರದಲ್ಲಿ ಜಾಕಿ ಹಾಗೆ ಬಾಗಿದ್ದರೆ ಅದು ಆಮೇಲೆ ಯಾರೋ ಬಳಿದದ್ದಿರಬಹುದು, ಆ ಭಾಗವನ್ನು ಅತಿನೇರಳೆ ದೀಪದಡಿ ಮತ್ತೊಮ್ಮೆ ಇಡಿ.